ಎರಡನೇ ಪರದೆ ಯಾರಿಗೆ?

ಹಳೇ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರನ್ನು ಎರಡು ಮಾನಿಟರ್‌ಗಳ ಮೇಲೆ ಹರಡಿಕೊಳ್ಳಲು ಯಾರಾದರೂ ಪರದಾಡುವುದನ್ನು ಕಂಡರೆ ನನಗೆ ಒಂದು ಪ್ರಶ್ನೆ ಕೊರೆಯತೊಡಗುತ್ತದೆ. ಆ ಎರಡನೇ ಪರದೆ ಯಾರಿಗೆ? ಕೂತು ಕತ್ತರಿಸುವವರಿಗೋ, ಆಮೇಲೆ ಕೂತು ನೋಡುವವರಿಗೋ? ಈಚೆಗೆ ರಜೆಗೆ ಬಂದಿದ್ದ ಅಕ್ಕನ ಮಗ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. “ಮಾವ, ಎರಡು ಮಾನಿಟರ್ ಇಟ್ಕೊಂಡು ಎಲ್ಲಾ ಕೆಲಸ ಒಂದರಲ್ಲೇ ಮಾಡ್ತೀಯಲ್ಲ, ಇದನ್ನ ಯಾಕೆ ಸುಮ್ನೆ ಬಿಟ್ಟಿದೀಯ?” ಬೆಂಗಳೂರಿನಲ್ಲಿ ಓದುತ್ತ ರೀಲ್ಸ್ ಎಡಿಟ್ ಮಾಡಿ ಕೈಖರ್ಚು ದುಡಿಯುವ ಹುಡುಗ ಅವನು. ಅವನು ಬಳಸುವ ಸಾಫ್ಟ್‌ವೇರ್‌ನಲ್ಲಿ ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಒಂದು ಪರದೆಯಲ್ಲಿದ್ದರೆ ಕ್ಲಿಪ್‌ಗಳು, ಎಫೆಕ್ಟ್‌ಗಳು, ಆಡಿಯೊ ಮೀಟರ್ ಎಲ್ಲ ಇನ್ನೊಂದರಲ್ಲಿ. ಜಾಗ ಇದ್ದಷ್ಟೂ ಕೆಲಸ ಸಲೀಸು ಅನ್ನುವುದು ಅವನ ಅನುಭವ, ಅವನ ಕೆಲಸದ ಮಟ್ಟಿಗೆ ಅದು ನಿಜವೂ ಹೌದು.

ನನ್ನ ಮೇಜಿನ ಮೇಲಿರುವುದು ವಿಂಡೋಸ್ ಎಕ್ಸ್‌ಪಿ ಹಾಕಿದ ಡೆಸ್ಕ್‌ಟಾಪ್. ಮನೆಯ ಮಿನಿ ಡಿವಿ (ಡಿಜಿಟಲ್ ವಿಡಿಯೊ) ಕ್ಯಾಸೆಟ್‌ಗಳನ್ನು ಇಳಿಸಿಕೊಳ್ಳಲು ಬೇಕಾದ ಫೈರ್‌ವೈರ್ ಪೋರ್ಟ್ ಇದರಲ್ಲಿದೆ ಅನ್ನುವ ಕಾರಣಕ್ಕೆ ಉಳಿಸಿಕೊಂಡಿದ್ದೇನೆ. ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್‌ಗಳು 2014ರ ಏಪ್ರಿಲ್‌ನಲ್ಲೇ ನಿಂತಿದ್ದರಿಂದ ಇಂಟರ್ನೆಟ್ಟಿಗೆ ಜೋಡಿಸುವುದಿಲ್ಲ. ಅದರೊಳಗಿನ ಎಡಿಟಿಂಗ್ ಪ್ರೋಗ್ರಾಮ್‌ಗಳೂ ಅದೇ ವಯಸ್ಸಿನವು. ಪಕ್ಕದ ಮಾನಿಟರ್ ಖಾಲಿ ಕಂಡದ್ದು ನಾನು ಆಗ ಏನನ್ನೂ ಓಡಿಸುತ್ತಿರಲಿಲ್ಲ ಅಂತ. ಸ್ಪೇಸ್‌ಬಾರ್ ಒತ್ತಿದರೆ ಅಲ್ಲಿ ಚಿತ್ರ ಪೂರ್ತಿಯಾಗಿ ಬರುತ್ತದೆ, ಬೇರೇನೂ ಇರುವುದಿಲ್ಲ. ಹಾಗೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹುಡುಗನಿಗೆ ನಿಂತ ಕಾಲಲ್ಲಿ ಹೇಳಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಕಿಟಕಿಯ ಕಾಲ

ಎರಡು ಮಾನಿಟರ್ ಬಳಸುವುದು ಆಗಿನ ಕಾಲಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. ಮನೆಬಳಕೆಯ ವಿಂಡೋಸ್‌ಗೆ ಈ ಸೌಲಭ್ಯ ಬಂದದ್ದು ವಿಂಡೋಸ್ 98ರಲ್ಲೇ, ಒಂಬತ್ತು ಡಿಸ್‌ಪ್ಲೇವರೆಗೂ ಜೋಡಿಸಬಹುದಿತ್ತು. 1999ರಲ್ಲಿ ಬಂದ ಮ್ಯಾಟ್ರಾಕ್ಸ್ ಜಿ400 ಗ್ರಾಫಿಕ್ಸ್ ಕಾರ್ಡ್ ಒಂದೇ ಇದ್ದರೂ ಎರಡು ಪರದೆ ಓಡುತ್ತಿದ್ದವು. ಆದರೆ ಮನೆಯವರಿಗೆಂದು ಮಾಡಿದ ಎಡಿಟಿಂಗ್ ಪ್ರೋಗ್ರಾಮ್‌ಗಳು ಒಂದೇ ಕಿಟಕಿಯೊಳಗೆ ಎಲ್ಲವನ್ನೂ ಕೂರಿಸಿಕೊಂಡಿದ್ದವು. ಪಿನಾಕಲ್ ಸ್ಟುಡಿಯೊ ತೆರೆದವರಿಗೆ ನೆನಪಿರಬೇಕು: ಮೇಲೆ ಕ್ಯಾಪ್ಚರ್, ಎಡಿಟ್, ಮೇಕ್ ಮೂವಿ ಅಂತ ಮೂರು ಟ್ಯಾಬ್, ಎಡಗಡೆ ಆಲ್ಬಮ್, ಬಲಗಡೆ ಪ್ಲೇಯರ್, ಕೆಳಗೆ ಉದ್ದಕ್ಕೂ ಟೈಮ್‌ಲೈನ್. ಅವುಗಳನ್ನು ಬಿಡಿಸಿ ಬೇರೆ ಕಡೆ ಇಡುವಂತಿರಲಿಲ್ಲ. 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದ ಮೂವಿ ಮೇಕರ್ ಕೂಡ ಅದೇ ಜಾಯಮಾನದ್ದು. ಯೂಲೀಡ್ ವಿಡಿಯೊಸ್ಟುಡಿಯೊ ಮುಂದೆ ಕೋರೆಲ್ ಕೈಗೆ ಹೋಗಿ, 2011ರ ಎಕ್ಸ್4 ಆವೃತ್ತಿ ಬಂದಾಗಲೇ ಅದರ ಫಲಕಗಳನ್ನು ಎಳೆದು ಇನ್ನೊಂದು ಮಾನಿಟರಿಗೆ ಹಾಕಲು ಬಂದದ್ದು. ಮೊದಲು ಸೋನಿಕ್ ಫೌಂಡ್ರಿಯದಾಗಿದ್ದು 2003ರಲ್ಲಿ ಸೋನಿಗೆ ಹೋದ ವೇಗಾಸ್ ಮಾತ್ರ ಈ ವಿಷಯದಲ್ಲಿ ಮುಂದಿತ್ತು. ಅದರ ಕಿಟಕಿಗಳನ್ನು ಬಿಚ್ಚಿ ಎಲ್ಲಿ ಬೇಕಾದರೂ ಇಡಬಹುದಿತ್ತು, ಕತ್ತರಿಸುತ್ತಿರುವ ಚಿತ್ರವನ್ನು ಓಡಿಸಿ ತೋರಿಸುವ ಪ್ರಿವ್ಯೂವನ್ನು ಇನ್ನೊಂದು ಪರದೆಗೆ ಕಳಿಸಲೂ ಬರುತ್ತಿತ್ತು.

ಕಿಟಕಿಯನ್ನೇ ಹಿಗ್ಗಿಸಿ ಎರಡು ಮಾನಿಟರಿಗೂ ಬರುವಂತೆ ಎಳೆದರೆ ಆಗುವ ಪಾಡು ಬೇರೆ. ಟೈಮ್‌ಲೈನ್ ಎರಡರ ಉದ್ದಕ್ಕೂ ಚಾಚಿಕೊಳ್ಳುತ್ತಿತ್ತು, ಆದರೆ ಪ್ರಿವ್ಯೂ ಹೋಗಿ ಎರಡನೇ ಪರದೆಯಲ್ಲಿ ಕೂತರೆ ಅಲ್ಲಿ ಚಿತ್ರವೇ ಇಲ್ಲ, ಕಪ್ಪು ಚೌಕ. ಸದ್ದು ಕೇಳುತ್ತದೆ, ಟೈಮ್‌ಲೈನಿನ ಕಡ್ಡಿ ಓಡುತ್ತದೆ, ಚಿತ್ರ ಇಲ್ಲ. ಇದಕ್ಕೆ ಕಾರಣ ಓವರ್‌ಲೇ. ಆಗಿನ ಪ್ರೊಸೆಸರ್‌ಗಳಿಗೆ ವಿಡಿಯೊದ ಪ್ರತಿ ಫ್ರೇಮನ್ನೂ ಡೆಸ್ಕ್‌ಟಾಪಿನ ಚಿತ್ರದೊಳಗೆ ಬರೆಯುವುದು ಭಾರವಾಗುತ್ತಿತ್ತು. ಹಾಗಾಗಿ ಪ್ರೋಗ್ರಾಮ್ ತನ್ನ ಪ್ರಿವ್ಯೂ ಜಾಗದಲ್ಲಿ ಒಂದು ಗುರುತಿನ ಬಣ್ಣ ಬಳಿದು ಸುಮ್ಮನಾಗುತ್ತಿತ್ತು, ಗ್ರಾಫಿಕ್ಸ್ ಕಾರ್ಡ್ ಮಾನಿಟರಿಗೆ ಚಿತ್ರ ಕಳಿಸುವ ಕೊನೇ ಗಳಿಗೆಯಲ್ಲಿ ಆ ಬಣ್ಣ ಇದ್ದಲ್ಲೆಲ್ಲ ವಿಡಿಯೊ ತುಂಬುತ್ತಿತ್ತು. ಸಾಮಾನ್ಯವಾಗಿ ಇಂಥ ಓವರ್‌ಲೇ ಒಂದೇ ಇರುತ್ತಿದ್ದದ್ದು, ಅದೂ ಒಂದು ಪರದೆಗೆ ಮೀಸಲು. ಕಿಟಕಿ ಆ ಪರದೆ ದಾಟಿದರೆ ತುಂಬುವವರಿಲ್ಲ. ಸ್ಕ್ರೀನ್‌ಶಾಟ್ ತೆಗೆದರೂ ವಿಡಿಯೊ ಇದ್ದಲ್ಲಿ ಕಪ್ಪೋ ಗುಲಾಬಿಯೋ ಬರುತ್ತಿದ್ದದ್ದು ಇದೇ ಕಾರಣಕ್ಕೆ.

ಅದೇ ಓವರ್‌ಲೇಯಿಂದ ಒಂದು ದೊಡ್ಡ ಉಪಕಾರವೂ ಆಗುತ್ತಿತ್ತು. ವಿಡಿಯೊ ಡೆಸ್ಕ್‌ಟಾಪಿನೊಳಗೆ ಬೆರೆಯದೆ ಬೇರೆಯಾಗಿ ಉಳಿದಿದ್ದರಿಂದ, ಕಾರ್ಡ್ ಅದೊಂದನ್ನೇ ಎತ್ತಿ ಇನ್ನೊಂದು ಪರದೆಗೆ ತುಂಬಾ ಹರಡಿ ಕಳಿಸಬಲ್ಲದಾಗಿತ್ತು. ಎಟಿಐ ಕಾರ್ಡ್‌ಗಳಲ್ಲಿ ಇದನ್ನು ಥಿಯೇಟರ್ ಮೋಡ್ ಅನ್ನುತ್ತಿದ್ದರು, ಎನ್‌ವಿಡಿಯಾ ಡ್ರೈವರ್‌ಗಳಲ್ಲೂ ಫುಲ್‌ಸ್ಕ್ರೀನ್ ವಿಡಿಯೊ ಅಂತ ಇದೇ ಸೌಲಭ್ಯ ಇತ್ತು. ಎಡಿಟಿಂಗ್ ಪ್ರೋಗ್ರಾಮ್‌ಗೆ ಎರಡನೇ ಪರದೆ ಇದೆ ಅನ್ನುವುದೇ ಗೊತ್ತಿರಬೇಕಿಲ್ಲ. ಇಲ್ಲಿ ಅಂಗೈಯಗಲದ ಪ್ರಿವ್ಯೂ ಓಡುತ್ತಿದ್ದರೆ ಅಲ್ಲಿ ಟಿವಿ ತುಂಬ ಅದೇ ಚಿತ್ರ. ಎಕ್ಸ್‌ಪಿಯ ನಂತರದ ವಿಂಡೋಸ್ ವಿಸ್ಟಾದಿಂದೀಚೆಗೆ ಎಲ್ಲ ಕಿಟಕಿಗಳನ್ನೂ ವಿಂಡೋಸೇ ಕೂಡಿಸಿ ಒಂದು ಚಿತ್ರ ಮಾಡತೊಡಗಿದ ಮೇಲೆ ಆ ಕಪ್ಪು ಚೌಕ ಹೋಯಿತು, ಅದರ ಜೊತೆಗೆ ಈ ಸೌಲಭ್ಯವೂ ಹೋಯಿತು. ನನಗೆ ಎರಡನೆಯದರ ನಷ್ಟವೇ ದೊಡ್ಡದಾಗಿ ಕಾಣುತ್ತದೆ.

ಜಗಲಿಯ ಟಿವಿ

ನನ್ನ ಈ ಅಭಿಪ್ರಾಯ ಗಟ್ಟಿಯಾದದ್ದು ಸಾಗರದ ಹತ್ತಿರದ ದೊಡ್ಡಮ್ಮನ ಮನೆಯಲ್ಲಿ. ಅವಳ ಮೊಮ್ಮಗನ ಉಪನಯನದ ಕ್ಯಾಸೆಟ್‌ಗಳು ಬೇಸಿಗೆಯಿಂದ ಹಾಗೇ ಬಿದ್ದಿದ್ದವು, ಎಡಿಟ್ ಮಾಡಿ ಸಿಡಿ ಮಾಡಿಕೊಡುತ್ತೇನೆ ಅಂತ ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗಿದ್ದೆ. ಹೋದದ್ದು ಅಡಿಕೆ ಸುಲಿಯುವ ಕಾಲ. ಕಂಪ್ಯೂಟರ್ ಇಟ್ಟದ್ದು ಜಗಲಿಗೆ ಹೊಂದಿಕೊಂಡ ಕೋಣೆಯಲ್ಲಿ. ಕ್ಯಾಮೆರಾವನ್ನು ಫೈರ್‌ವೈರ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ಕ್ಯಾಮೆರಾದ ಹಳದಿ-ಬಿಳಿ-ಕೆಂಪು ವೈರನ್ನು ಕಿಟಕಿಯ ಸರಳಿನ ನಡುವೆ ತೂರಿಸಿ ಜಗಲಿಯ 21 ಇಂಚಿನ ಟಿವಿಗೆ ಚುಚ್ಚಿದ್ದೆ. ಪ್ರೋಗ್ರಾಮ್ ತನ್ನ ಪ್ರಿವ್ಯೂವನ್ನು ಡಿವಿಯಾಗಿ ಕ್ಯಾಮೆರಾಕ್ಕೆ ಕಳಿಸುತ್ತದೆ, ಕ್ಯಾಮೆರಾ ಅದನ್ನು ಟಿವಿಗೆ ಅರ್ಥವಾಗುವ ಸಿಗ್ನಲ್ ಮಾಡಿ ದಾಟಿಸುತ್ತದೆ. ಇದಕ್ಕೆ ಕ್ಯಾಮೆರಾದಲ್ಲಿ ಡಿವಿ-ಇನ್, ಅಂದರೆ ಹೊರಗಿನ ಡಿವಿ ಚಿತ್ರವನ್ನು ಒಳಗೆ ಬಿಟ್ಟುಕೊಳ್ಳುವ ಸೌಲಭ್ಯ, ಇರಬೇಕಿತ್ತು. ಯುರೋಪಿನಲ್ಲಿ ಮಾರುತ್ತಿದ್ದ ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಬಂದ್ ಮಾಡಿರುತ್ತಿದ್ದರು, ಹೊರಗಿನಿಂದ ರೆಕಾರ್ಡ್ ಮಾಡಬಲ್ಲ ಕ್ಯಾಮೆರಾಕ್ಕೆ ಅಲ್ಲಿ ಹೆಚ್ಚಿನ ಸುಂಕ ಬೀಳುತ್ತಿತ್ತು ಅಂತ. ನಮ್ಮದರಲ್ಲಿ ಇತ್ತು.

ಜಗಲಿಯಲ್ಲಿ ಸಂಜೆಯಾಗುತ್ತಲೇ ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತಿದ್ದವು. ದೊಡ್ಡಮ್ಮ, ಸೊಸೆ, ಅಕ್ಕಪಕ್ಕದ ಮನೆಯ ಹೆಂಗಸರು, ಕೂಲಿಗೆ ಬಂದವರು. ಸುಲಿದ ಅಡಿಕೆಗೆ ಡಬ್ಬದ ಲೆಕ್ಕದಲ್ಲಿ ದುಡ್ಡು, ಆದ್ದರಿಂದ ಕೈ ನಿಲ್ಲುವುದು ಕಡಿಮೆ. ನಾನು ಕೋಣೆಯೊಳಗೆ 17 ಇಂಚಿನ ಮಾನಿಟರ್ ನೋಡುತ್ತ ಕೂತಿದ್ದೆ, ಅವರು ಹೊರಗೆ ಟಿವಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಒಂದು ಕಟ್ ಹಾಕಿ ಓಡಿಸಿದರೆ ಅವರೂ ನೋಡಬೇಕು. ಮತ್ತೆ ಹಿಂದೆ ತಂದು ಓಡಿಸಿದರೆ ಮತ್ತೆ ನೋಡಬೇಕು. ಮೊದಮೊದಲು “ಮತ್ತೆ ಅದೇ ಬಂತಲ್ಲೋ” ಅಂತ ಕೂಗು ಬರುತ್ತಿತ್ತು. ಆಮೇಲೆ ಅವರಿಗೂ ಅದು ಅಭ್ಯಾಸವಾಯಿತು.

ಕೋಣೆಯಿಂದ ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಸುಲಿಯುವ ಸದ್ದು ಕೇಳುತ್ತಿತ್ತು. ಆರೇಳು ಕತ್ತಿಗಳ ಮೇಲೆ ಅಡಿಕೆ ಸಿಪ್ಪೆ ಸಿಗಿಯುವ ಸದ್ದು ಬಿಟ್ಟೂಬಿಡದೆ ಬರುತ್ತಿದ್ದದ್ದು ಟಿವಿಯಲ್ಲಿ ಯಾವುದೋ ಒಂದು ಗಳಿಗೆಗೆ ತೆಳ್ಳಗಾಗುತ್ತಿತ್ತು, ಅಂದರೆ ತಲೆ ಎತ್ತಿದ್ದಾರೆ. ಹೋಮದ ಬೆಂಕಿ, ಬಟುವಿನ ಕೈಗೆ ದಂಡ ಕೊಡುವುದು, ಪುರೋಹಿತರ ಮಂತ್ರ ಇವಕ್ಕೆ ಸದ್ದು ಅಷ್ಟಾಗಿ ನಿಲ್ಲುತ್ತಿರಲಿಲ್ಲ. ಊಟದ ಪಂಕ್ತಿಯ ಮೇಲೆ ಕ್ಯಾಮೆರಾ ಹಾಯುವಾಗ, ಭಿಕ್ಷೆ ಹಾಕಲು ನಿಂತ ಹೆಂಗಸರ ಸಾಲು ಬಂದಾಗ ಕತ್ತಿಗಳು ಸುಮ್ಮನಾಗುತ್ತಿದ್ದವು. ನಾನು ಆ ಸಾಲನ್ನು ಬೇಗ ಬೇಗ ಕತ್ತರಿಸಿ ಬಟುವಿನ ಮುಖಕ್ಕೆ ಬಂದಿದ್ದೆ. ಹೊರಗಿನಿಂದ ದೊಡ್ಡಮ್ಮನ ದನಿ ಬಂತು: “ಅಲ್ಲ ಕಣೋ, ಹೊಸನಗರದ ಅತ್ತಿಗೆ ಬಂದಿದ್ಳಲ್ಲ, ಮುಖ ಕಂಡ್ತು ಅನ್ನೋದ್ರೊಳಗೆ ಹೋಗೇ ಹೋಯ್ತು. ಸ್ವಲ್ಪ ನಿಲ್ಸೋ ಮಾರಾಯ, ಯಾವ ಸೀರೆ ಉಟ್ಟಿದ್ಳು ಅಂತ ನೋಡಣ.”

ಅವಳು ಎಡಿಟಿಂಗ್ ಬಗ್ಗೆ ಮಾತಾಡಿದವಳಲ್ಲ, ಆದರೆ ಕೆಲಸದ ಬಗ್ಗೆ ಅದಕ್ಕಿಂತ ನೇರವಾದ ಮಾತನ್ನು ನನಗೆ ಯಾರೂ ಹೇಳಿಲ್ಲ. ಕತ್ತರಿಸುವವನಿಗೆ ಆ ದೃಶ್ಯ ಬಾಯಿಪಾಠವಾಗಿರುತ್ತದೆ. ಒಂದು ಸೆಕೆಂಡಿನಲ್ಲಿ ಅವನಿಗೆ ಎಲ್ಲ ಕಂಡುಬಿಡುತ್ತದೆ, ಸಾಕು ಅನ್ನಿಸುತ್ತದೆ. ಮೇಲಾಗಿ ಪ್ರಿವ್ಯೂ ಅಂಗೈಯಗಲ ಇದ್ದರೆ ಕಣ್ಣು ಅಲ್ಲಿ ಓಡಾಡಲು ಜಾಗವಿಲ್ಲ, ಒಂದೇ ನೋಟಕ್ಕೆ ಮುಗಿಯಿತು. ದೊಡ್ಡ ಪರದೆಯಲ್ಲಿ ಕಣ್ಣು ಎಡದಿಂದ ಬಲಕ್ಕೆ ಹೋಗಬೇಕು, ಪರಿಚಯದ ಮುಖ ಹುಡುಕಬೇಕು, ಸಿಕ್ಕ ಮೇಲೆ ಅಲ್ಲಿ ತಂಗಬೇಕು. ಅದಕ್ಕೆ ನಾಲ್ಕೈದು ಸೆಕೆಂಡು ಬೇಕೇಬೇಕು. ಆ ಉಪನಯನದ ಸಿಡಿಯಲ್ಲಿ ಭಿಕ್ಷೆಯ ಸಾಲು ಉದ್ದವಾಯಿತು, ಪಂಕ್ತಿ ಇನ್ನೂ ಉದ್ದವಾಯಿತು, ಹೋಮ ಗಿಡ್ಡವಾಯಿತು. ಯಾವ ದೃಶ್ಯಕ್ಕೆ ಎಷ್ಟು ಹೊತ್ತು ಅನ್ನುವುದನ್ನು ನಾನು ತೀರ್ಮಾನಿಸಿದ್ದು ಕಿವಿಯಿಂದ.

ಟಿವಿಯಲ್ಲಷ್ಟೇ ಕಾಣುತ್ತಿದ್ದದ್ದು

ಜನ ಒಂದು ಕಡೆಗಿರಲಿ, ಚಿತ್ರದ ಮಟ್ಟಿಗೂ ಮಾನಿಟರ್ ಹೇಳದ ಸಂಗತಿಗಳನ್ನು ಟಿವಿ ಹೇಳುತ್ತಿತ್ತು. ನಮ್ಮಲ್ಲಿದ್ದ ಪಾಲ್ ಅನ್ನುವ ಟಿವಿ ಪದ್ಧತಿಯಲ್ಲಿ ಡಿವಿ ಚಿತ್ರ ಅಂದರೆ 720 ಪಿಕ್ಸೆಲ್ ಅಡ್ಡ, 576 ಉದ್ದ, ಸೆಕೆಂಡಿಗೆ 25 ಫ್ರೇಮ್. ಒಂದು ಫ್ರೇಮ್ ಅಂದರೂ ಅದರಲ್ಲಿ ಎರಡು ಹೊತ್ತಿನ ಅರ್ಧರ್ಧ ಚಿತ್ರಗಳು, ಅಂದರೆ ಫೀಲ್ಡ್‌ಗಳು, ಇರುತ್ತವೆ: ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಇನ್ನೊಂದು ಕ್ಷಣದವು, ಸೆಕೆಂಡಿಗೆ ಒಟ್ಟು 50 ಫೀಲ್ಡ್. ಹಳೇ ಡಬ್ಬಿ ಟಿವಿ ಇದನ್ನು ಹಾಗೇ ಒಂದಾದ ಮೇಲೊಂದು ತೋರಿಸಿ ಚಲನೆಯನ್ನು ನುಣುಪಾಗಿಡುತ್ತಿತ್ತು. ಕಂಪ್ಯೂಟರ್ ಮಾನಿಟರ್ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಓಡುವ ಮಗುವಿನ ಅಂಚಿನಲ್ಲೆಲ್ಲ ಹಲ್ಲುಹಲ್ಲಾಗಿ ಗೆರೆ ಏಳುತ್ತಿತ್ತು. ಫೀಲ್ಡ್‌ಗಳ ಕ್ರಮ ಎಲ್ಲಾದರೂ ತಿರುವುಮುರುವಾದರೆ ಮಾನಿಟರಿನಲ್ಲಿ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಟಿವಿಯಲ್ಲಿ ಮಾತ್ರ ನಡೆಯುವವರೆಲ್ಲ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ನಡುಗುತ್ತ ಹೋಗುತ್ತಾರೆ.

ಕನ್ನಡ ಟೈಟಲ್‌ಗಳ ವಿಷಯದಲ್ಲಂತೂ ಟಿವಿ ನೋಡದೆ ಕೆಲಸ ಮುಗಿಸುವಂತೆಯೇ ಇರಲಿಲ್ಲ. ಅಕ್ಷರ ಮೂಡಿಸುವುದೇ ಒಂದು ಸಾಹಸ. ಆಗಿನ ಟೈಟಲ್ ಎಡಿಟರ್‌ಗಳಿಗೆ ಯೂನಿಕೋಡ್ ಕನ್ನಡ ಕೊಟ್ಟರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚದುರುತ್ತಿದ್ದವು. ಹಾಗಾಗಿ ‘ಬರಹ’, ‘ನುಡಿ’ಯಂಥ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಹಳೇ ಎನ್‌ಕೋಡಿಂಗಿನಲ್ಲಿ ಕಾಪಿ ತೆಗೆದು, ಟೈಟಲ್ ಪೆಟ್ಟಿಗೆಯಲ್ಲಿ ಅಂಟಿಸಿ, ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ರಾಶಿಗೆ ಕನ್ನಡ ಫಾಂಟ್ ಹಾಕಿದರೆ ಅಕ್ಷರ ಸರಿಯಾಗಿ ಮೂಡುತ್ತಿತ್ತು. ಅಷ್ಟು ಮಾಡಿ ಪರದೆಯ ತಳದಲ್ಲಿ “ಬ್ರಹ್ಮೋಪದೇಶ” ಅಂತ ಬರೆದು ಟಿವಿಯಲ್ಲಿ ನೋಡಿದರೆ ಒತ್ತುಗಳೆಲ್ಲ ಚೌಕಟ್ಟಿನಾಚೆ ಮುಳುಗಿ “ಬಹೋಪದೇಶ” ಉಳಿದಿರುತ್ತಿತ್ತು. ಡಬ್ಬಿ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಒಂದಿಷ್ಟು ನುಂಗುತ್ತಿದ್ದವು. ಅದಕ್ಕೇ ವೃತ್ತಿಯವರು ಅಕ್ಷರಗಳನ್ನು ನಡುವಿನ ಶೇ 80ರೊಳಗೆ ಇಡಿ ಅನ್ನುತ್ತಿದ್ದದ್ದು. ಕೆಳಕ್ಕೆ ಇಳಿಬೀಳುವ ಒತ್ತುಗಳಿರುವ ನಮ್ಮ ಲಿಪಿಗೆ ಆ ಅಳತೆಯ ಒಳಗೂ ಇನ್ನೊಂದು ಸಾಲಿನಷ್ಟು ಮೇಲಕ್ಕೆ ಇಡುವುದೇ ಕ್ಷೇಮ.

ಇನ್ನೊಂದು ತಲೆಕಟ್ಟಿನದು. ತೆಳು ಫಾಂಟಿನಲ್ಲಿ ತಲೆಕಟ್ಟಿನ ಅಡ್ಡಗೆರೆ ಒಂದೇ ಸಾಲಿನಷ್ಟು ದಪ್ಪ ಇದ್ದರೆ ಅದು ಒಂದು ಫೀಲ್ಡಿನಲ್ಲಷ್ಟೇ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಟಿವಿಯಲ್ಲಿ ಸೆಕೆಂಡಿಗೆ 25 ಸಲ ಬಂದು ಹೋಗಿ ಅಕ್ಷರದ ತಲೆ ಮಿಣಮಿಣ ಅನ್ನುತ್ತದೆ. ಮಾನಿಟರಿನಲ್ಲಿ ಅದೇ ಅಕ್ಷರ ಚೊಕ್ಕವಾಗಿ, ನೆಟ್ಟಗೆ ನಿಂತಿರುತ್ತದೆ. ದಪ್ಪ ಫಾಂಟ್ ಹಾಕಿ, ಮೇಲುಕೆಳಗೆ ಒಂಚೂರು ಮಸುಕು ಮಾಡಿದರೆ ಟಿವಿಯಲ್ಲಿ ಸರಿಯಾಗುತ್ತಿತ್ತು, ಆಗ ಮಾನಿಟರಿನಲ್ಲಿ ಅಕ್ಷರ ಮಬ್ಬಾಗಿ ಕಾಣುತ್ತಿತ್ತು. ಎರಡರಲ್ಲಿ ಯಾವುದನ್ನು ನಂಬಬೇಕು? ನೋಡುವವರ ಮುಂದಿರುವುದನ್ನು.

ಪಾರ್ಟಿಯವರ ಕುರ್ಚಿ

ಮಿಕ್ಸಿಂಗ್ ಸ್ಟುಡಿಯೊದವರಿಗೆ ಇದು ಮೊದಲೇ ಗೊತ್ತಿತ್ತು. ಶಿವಮೊಗ್ಗದಲ್ಲಿ ನಾನು ಆಗಾಗ ಹೋಗಿ ಕೂರುತ್ತಿದ್ದ ಒಂದು ಸಣ್ಣ ಸ್ಟುಡಿಯೊ ಇತ್ತು, ಫೋಟೊ ಅಂಗಡಿಯ ಹಿಂದಿನ ಕತ್ತಲೆ ಕೋಣೆ. ಮದುವೆ ವಿಡಿಯೊ ಮಿಕ್ಸ್ ಮಾಡುವ ಅಣ್ಣ ಎರಡು ಮಾನಿಟರ್ ಇಟ್ಟುಕೊಂಡಿದ್ದರು. ಅವರದು ಮನೆಬಳಕೆಯ ಪ್ರೋಗ್ರಾಮ್ ಅಲ್ಲ, ಕಾರ್ಡ್ ಹಾಕಿಸಿದ ದುಬಾರಿ ಸಿಸ್ಟಂ. ಅವೆರಡರ ಮೇಲೆ, ಗೋಡೆಗೆ ಹಲಗೆ ಹೊಡೆದು ಒಂದು ಟಿವಿ. ಹಿಂದೆ ಎರಡು ಪ್ಲಾಸ್ಟಿಕ್ ಕುರ್ಚಿ. ಮದುವೆ ಮನೆಯವರು, ಅಂದರೆ ಪಾರ್ಟಿಯವರು, ಹಾಡು ಆರಿಸಲು ಬಂದಾಗ ಆ ಕುರ್ಚಿಗಳಲ್ಲಿ ಕೂತು ಟಿವಿ ನೋಡುತ್ತಿದ್ದರು. ಅಣ್ಣ ಹಿಂದೆ ತಿರುಗುತ್ತಿರಲಿಲ್ಲ, ಆದರೆ ಬಣ್ಣ ಸರಿಪಡಿಸುವಾಗ ತಾವೂ ಕತ್ತೆತ್ತಿ ಟಿವಿಯನ್ನೇ ನೋಡುತ್ತಿದ್ದರು. ಮಾನಿಟರಿನಲ್ಲಿ ಎಷ್ಟು ಚೆನ್ನಾಗಿ ಕಂಡರೂ ಅವರಿಗೆ ಅದು ಲೆಕ್ಕಕ್ಕಿರಲಿಲ್ಲ. ಮಧುಮಗಳ ಕೆಂಪು ಸೀರೆ ಟಿವಿಯಲ್ಲಿ ಅಂಚು ಮೀರಿ ಹರಡಿದರೆ ಬಣ್ಣ ಇಳಿಸುವರು, ಅರಿಶಿನ ಹಚ್ಚಿದ ಮುಖ ಹಸಿರಾದರೆ ತಿದ್ದುವರು. ಕೆಲಸದ ಮಾನಿಟರ್ ಎರಡಲ್ಲ ನಾಲ್ಕು ಬೇಕಾದರೂ ಇರಲಿ, ಈ ಟಿವಿ ಬೇರೆಯೇ ಇರಬೇಕು ಅನ್ನುವುದು ಅವರ ಮಾತಿನಲ್ಲಿ ಬರದೆ ಕೋಣೆಯ ಏರ್ಪಾಟಿನಲ್ಲೇ ಇತ್ತು. ಮನೆಯಲ್ಲಿ ಎಡಿಟ್ ಮಾಡುವವರಿಗೆ ಸಾಮಾನ್ಯವಾಗಿ ಇರುವುದು ಎರಡೇ ಪರದೆ. ಒಂದನ್ನು ಆ ಗೋಡೆಯ ಟಿವಿಗೆ ಬಿಟ್ಟುಕೊಟ್ಟರೆ ಉಪಕರಣಗಳಿಗೆ ಒಂದೇ ಉಳಿಯುತ್ತದೆ, ಹಳೇ ಪ್ರೋಗ್ರಾಮ್‌ಗಳಿಗೆ ಅಷ್ಟು ಸಾಕು. ಅವು ಒಂದೇ ಕಿಟಕಿಯಲ್ಲಿ ಬದುಕಲೆಂದೇ ಮಾಡಿದವು.

ಈಗ ಕೂರಿಸುವುದಾದರೆ

ಈಗಲೂ ಹಳೇ ಪ್ರೋಗ್ರಾಮ್ ಬಳಸುವವರಿಗೆ ನನ್ನ ಅನುಭವದಿಂದ ಒಂದಷ್ಟು ಹೇಳಬಹುದು. ಎರಡನೇ ಮಾನಿಟರನ್ನು ಬಲಗಡೆ ಇಡಿ. ಎಡಗಡೆ ಇಟ್ಟರೆ ವಿಂಡೋಸ್ ಲೆಕ್ಕದಲ್ಲಿ ಅಲ್ಲಿನ ಅಡ್ಡ ಅಳತೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸೊನ್ನೆಗಿಂತ ಕೆಳಗೆ ಪರದೆ ಇರಬಹುದು ಅನ್ನುವುದನ್ನೇ ಊಹಿಸದೆ ಬರೆದ ಪ್ರೋಗ್ರಾಮ್‌ಗಳಲ್ಲಿ ಮೆನುಗಳು ಎಲ್ಲೋ ಒತ್ತಿದರೆ ಎಲ್ಲೋ ತೆರೆದುಕೊಳ್ಳುತ್ತವೆ. ಎರಡನೇ ಮಾನಿಟರ್ ಕಳಚಿದ ಮೇಲೆ ಪ್ರೋಗ್ರಾಮ್ ತೆರೆದರೂ ಕಿಟಕಿ ಕಾಣದಿದ್ದರೆ ಅದು ಇಲ್ಲದ ಪರದೆಯಲ್ಲಿ ಕೂತಿದೆ ಅಂತ ಅರ್ಥ. ಆಲ್ಟ್ ಮತ್ತು ಸ್ಪೇಸ್ ಒತ್ತಿ, ಎಮ್ ಒತ್ತಿ, ಬಾಣದ ಕೀಲಿಯನ್ನು ಒಮ್ಮೆ ಒತ್ತಿ ಮೌಸ್ ಸರಿಸಿದರೆ ಕಿಟಕಿ ಕೈಗೆ ಬರುತ್ತದೆ.

ಆಫೀಸುಗಳಿಂದ ಹೊರಬಿದ್ದ 17 ಇಂಚಿನ ಎಲ್‌ಸಿಡಿಗಳು ಈಗ ಅಗ್ಗಕ್ಕೆ ಸಿಗುತ್ತವೆ. ಅವು 1280 ಅಡ್ಡ 1024 ಉದ್ದ, ಅಂದರೆ 5:4. ಹಳೇ ವಿಡಿಯೊ 4:3. ಪರದೆ ತುಂಬಲಿ ಅಂತ ಎಳೆದರೆ ಮುಖಗಳೆಲ್ಲ ಉದ್ದುದ್ದ ಆಗುತ್ತವೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುವುದೇ ಸರಿ. ಇನ್ನು ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಪಾಲ್ ವಿಡಿಯೊದಲ್ಲಿರುವುದು 25 ಫ್ರೇಮ್. ಲೆಕ್ಕ ಸಮ ಬೀಳುವುದಿಲ್ಲ, ಹಾಗಾಗಿ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ಕಡೆಯಲ್ಲೆಲ್ಲ ಚಿತ್ರ ತಡವರಿಸುತ್ತದೆ. 75ಕ್ಕೆ ಇಡಲು ಬರುವ ಮಾನಿಟರ್ ಆದರೆ ಇಟ್ಟುಬಿಡಿ, ಒಂದು ಫ್ರೇಮಿಗೆ ಮೂರರಂತೆ ಸರಿಹೋಗುತ್ತದೆ. ಇದು ತಿಳಿಯದಿದ್ದರೆ ತಪ್ಪು ಶೂಟಿಂಗಿನದ್ದು ಅಂದುಕೊಂಡು ಒಳ್ಳೇ ಶಾಟನ್ನೇ ಕಿತ್ತುಹಾಕುವ ಅಪಾಯವಿದೆ.

ಹೊಸ ಕಂಪ್ಯೂಟರಿನಲ್ಲಿ ಹಳೇ ಪ್ರೋಗ್ರಾಮ್ ಓಡಿಸುವವರಿಗೆ ಬೇರೆ ತಾಪತ್ರಯ. 4ಕೆ ಮಾನಿಟರಿನಲ್ಲಿ ಬಟನ್‌ಗಳು ಇರುವೆಯಷ್ಟಾಗುತ್ತವೆ, ಇಲ್ಲವೇ ವಿಂಡೋಸ್ ಹಿಗ್ಗಿಸಿ ತೋರಿಸಿ ಎಲ್ಲ ಮಬ್ಬಾಗುತ್ತದೆ. ಒಂದೊಂದು ಪರದೆಗೆ ಒಂದೊಂದು ಅಳತೆ ಇಡುವ ವ್ಯವಸ್ಥೆ ವಿಂಡೋಸ್‌ಗೆ ಬಂದದ್ದೇ 2013ರ 8.1ರಲ್ಲಿ, ಅದಕ್ಕೂ ಮೊದಲಿನ ಪ್ರೋಗ್ರಾಮ್‌ಗಳಿಗೆ ಅದರ ಗಂಧ ಇಲ್ಲ. ಪ್ರೋಗ್ರಾಮನ್ನು ಮಾಮೂಲಿ ಅಳತೆಯ ಮಾನಿಟರಿನಲ್ಲಿ ಇಟ್ಟು, ಒಳ್ಳೆಯದನ್ನು ಚಿತ್ರಕ್ಕೆ ಬಿಡುವುದು ಸುಲಭದ ದಾರಿ. ಪ್ರಿವ್ಯೂವನ್ನು ಇನ್ನೊಂದು ಪರದೆಗೆ ಕಳಿಸುವ ಸೌಲಭ್ಯವೇ ಇಲ್ಲದ ಪ್ರೋಗ್ರಾಮ್ ಆದರೆ ಎರಡು ಮೂರು ನಿಮಿಷದ ಭಾಗವನ್ನು ಡಿವಿಯಾಗಿಯೇ ಹೊರತೆಗೆದು, ಪಕ್ಕದ ಪರದೆಯಲ್ಲಿ ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡಿಸಿ ನೋಡುತ್ತೇನೆ. ಹಾಗೆ ನೋಡುವಾಗ ಕೈ ಕೀಬೋರ್ಡಿನ ಮೇಲೆ ಇರುವುದಿಲ್ಲ, ಹಿಂದಕ್ಕೆ ಒರಗಿ ಪೂರ್ತಿ ನೋಡಲೇಬೇಕಾಗುತ್ತದೆ. ಸೌಲಭ್ಯ ಇರುವ ಪ್ರೋಗ್ರಾಮ್‌ನಲ್ಲೂ ಈಗ ನಾನು ಇದನ್ನೇ ಮಾಡುತ್ತೇನೆ.

ನೋಡುವವರು ಫೋನಿಗೆ ಹೋದ ಮೇಲೆ

ಇಷ್ಟು ಹೇಳಿದ ಮೇಲೆ ಒಂದು ತೊಡಕು ಉಳಿದೇ ಇದೆ. ನಾನು ಯಾರ ಸಲುವಾಗಿ ಒಂದು ಪರದೆಯನ್ನು ಬಿಟ್ಟುಕೊಡಬೇಕು ಅನ್ನುತ್ತಿದ್ದೇನೋ ಅವರು ಈಗ ಟಿವಿಯ ಮುಂದೆ ಕೂರುವುದಿಲ್ಲ. ಆ ಉಪನಯನದ ಬಟು ಇಂದು ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಅವನು ವಿಡಿಯೊ ನೋಡುವುದು ಬಸ್ಸಿನಲ್ಲಿ, ಫೋನಿನಲ್ಲಿ. ದೊಡ್ಡಮ್ಮನೂ ಕನ್ನಡಕ ಹಣೆಗೇರಿಸಿ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಮುಖದ ಹತ್ತಿರ ಹಿಡಿದು ನೋಡುತ್ತಾಳೆ. ಹಾಗಿದ್ದ ಮೇಲೆ ನನ್ನ ಎರಡನೇ ಪರದೆ ಫೋನೇ ಆಗಬೇಕಲ್ಲ?

ಆಗಬೇಕು, ಆಗಿದೆ ಕೂಡ. ಈಗ ಮಾನಿಟರಿನ ಪಕ್ಕದಲ್ಲಿ ಒಂದು ಸ್ಟ್ಯಾಂಡಿಗೆ ಫೋನ್ ಒರಗಿಸಿಡುತ್ತೇನೆ. ಫೋನಿನಲ್ಲಿ ಅಂಚು ಕತ್ತರಿಸಿ ಹೋಗುವುದಿಲ್ಲ, ಒತ್ತುಗಳು ಉಳಿಯುತ್ತವೆ, ತಲೆಕಟ್ಟು ಮಿಣುಕುವುದಿಲ್ಲ. ಬದಲಿಗೆ ಆ ಹಲ್ಲುಹಲ್ಲು ಗೆರೆಗಳು ಮುಖಕ್ಕೆ ಹೊಡೆಯುತ್ತವೆ, ವಾಟ್ಸ್ಆ್ಯಪ್ ಕುಗ್ಗಿಸಿ ಕಳಿಸಿದಾಗ ಇನ್ನೂ ಕೆಡುತ್ತವೆ. ಅದಕ್ಕೆ 50 ಫೀಲ್ಡ್‌ಗಳನ್ನು 50 ಪೂರ್ತಿ ಫ್ರೇಮ್‌ಗಳಾಗಿ ಬಿಡಿಸಿ ಕೊಡಬೇಕು. ವಿಡಿಯೊ ರೂಪ ಬದಲಿಸುವ ಹ್ಯಾಂಡ್‌ಬ್ರೇಕ್ ಪ್ರೋಗ್ರಾಮ್‌ನಲ್ಲಿ ಬಾಬ್ ಅನ್ನುವ ಆಯ್ಕೆಯಲ್ಲಿ ಇದು ಆಗುತ್ತದೆ. ಬರೀ 25ಕ್ಕೆ ಇಳಿಸಿದರೆ ಗೆರೆಯೇನೋ ಹೋಗುತ್ತದೆ, ಚಲನೆಯ ನುಣುಪೂ ಹೋಗುತ್ತದೆ, ಮಕ್ಕಳು ಓಡುವುದು ಕುಪ್ಪಳಿಸಿದಂತಾಗುತ್ತದೆ. ಪಂಕ್ತಿಯ ಉದ್ದನೆಯ ಶಾಟ್‌ನಲ್ಲಿ ಮುಖಗಳು ಸಾಸಿವೆ ಕಾಳಿನಷ್ಟಾಗುತ್ತವೆ. ಅಲ್ಲಿ ಸಮಯ ಎಷ್ಟು ಕೊಟ್ಟರೂ ಹೊಸನಗರದ ಅತ್ತಿಗೆ ಕಾಣುವುದಿಲ್ಲ, ಹತ್ತಿರದಿಂದ ತೆಗೆದ ಶಾಟ್ ಹುಡುಕಿ ಹಾಕಬೇಕು. ಒಂದೇ ಉಪನಯನಕ್ಕೆ ಟಿವಿಗೊಂದು, ಫೋನಿಗೊಂದು ಬೇರೆ ಬೇರೆ ಎಡಿಟ್ ಬೇಕು ಅನ್ನುವುದು ನನಗೆ ಈಗ ಖಚಿತವಾಗಿದೆ. ಅಕ್ಕನ ಮಗನ ಜೊತೆ ಈ ವಿಷಯ ಮಾತಾಡುವಾಗ ಅವನ ಕಣ್ಣು ಅರಳಿತು. ತಾನೂ ರೀಲ್ಸ್ ಮುಗಿಸಿದ ಮೇಲೆ ಫೋನಿಗೆ ಹಾಕಿ ನೋಡದೆ ಯಾರಿಗೂ ಕಳಿಸುವುದಿಲ್ಲವಂತೆ.

ಎರಡು ಎಡಿಟ್ ಮಾಡಬೇಕಾದರೆ ಮೂಲ ಕೈಯಲ್ಲಿರಬೇಕು. ಆಗ ನಾವು ಹಂಚಿದ ವಿಡಿಯೊ ಸಿಡಿಗಳಲ್ಲಿ ಚಿತ್ರ 352 ಅಡ್ಡ 288 ಉದ್ದಕ್ಕೆ ಇಳಿದಿತ್ತು. ಅದು ಡಬ್ಬಿ ಟಿವಿಗೆ ಸಾಕಾಗಿತ್ತು, ಈಗಿನ ಯಾವ ಪರದೆಗೂ ಸಾಲದು. ಕ್ಯಾಸೆಟ್ಟಿನಲ್ಲಿರುವುದು ಅದರ ನಾಲ್ಕು ಪಟ್ಟು. ಆದರೆ ಆ ಟೇಪುಗಳಿಗೆ ತೇವ ಆಗದು, ನಮ್ಮ ಕಡೆಯ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಓಡಿಸುವ ಕ್ಯಾಮೆರಾಗಳ ಹೆಡ್ ಸವೆದಿರುತ್ತದೆ, ರಿಪೇರಿಯವರು ಸಿಗುವುದಿಲ್ಲ, ಫೈರ್‌ವೈರ್ ಪೋರ್ಟ್ ಇರುವ ಕಂಪ್ಯೂಟರ್ ಹೊಸದಾಗಿ ಬರುವುದಿಲ್ಲ. ಆದ್ದರಿಂದ ಎಡಿಟಿಂಗ್ ಕಾಯಲಿ ಅಂತ ಬದಿಗಿಟ್ಟು ಮೊದಲು ಇಳಿಸಿಕೊಳ್ಳುವ ಕೆಲಸಕ್ಕೆ ಕೂತಿದ್ದೇನೆ. ಒಂದು ಗಂಟೆಯ ಕ್ಯಾಸೆಟ್ ಇಳಿಯಲು ಒಂದು ಗಂಟೆಯೇ ಬೇಕು, ಅದನ್ನು ಬೇಗ ಮಾಡಿಸುವ ಉಪಾಯವಿಲ್ಲ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಡಿಸ್ಕಿನ ಫಾರ್ಮ್ಯಾಟ್ ಹಳೇ ಫ್ಯಾಟ್32 ಆಗಿದ್ದರೆ 4 ಜಿಬಿಗೆ, ಅಂದರೆ ಹತ್ತೊಂಬತ್ತು ನಿಮಿಷದ ಆಸುಪಾಸಿಗೆ ಫೈಲ್ ತುಂಡಾಗುತ್ತದೆ, ಎನ್‌ಟಿಎಫ್‌ಎಸ್ ಮಾಡಿಕೊಂಡರೆ ಆ ತೊಂದರೆ ಇಲ್ಲ. ಒಂದು ಟಿಬಿ ಡಿಸ್ಕಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಕ್ಯಾಸೆಟ್ ಹಿಡಿಸುತ್ತವೆ. ಎರಡು ಡಿಸ್ಕ್ ತಂದು ಒಂದನ್ನು ಅಕ್ಕನ ಮನೆಯಲ್ಲಿಟ್ಟಿದ್ದೇನೆ. ಉಪನಯನದ ಕ್ಯಾಸೆಟ್‌ಗಳು ಇಳಿದಾಗಿವೆ, ಚಿಕ್ಕಪ್ಪನ ಷಷ್ಟ್ಯಬ್ದಿಯವು ಇಳಿಯುತ್ತಿವೆ, ಸಾಗರದ ಮಾರಿಜಾತ್ರೆಯದ್ದು ಅಂತ ಚೀಟಿ ಅಂಟಿಸಿದ ಒಂದು ಡಬ್ಬ ಇನ್ನೂ ತೆರೆಯುವುದಿದೆ.